ಕೆಂಪು ಕತ್ತೋ, ಕೆಂಪು ಬೆನ್ನೋ? ಚೀನೀ ಕೊಳದ ಬಕವನ್ನು ಗುರುತಿಸುವ ಬಗೆ

ಚೀನೀ ಕೊಳದ ಬಕ ಒಂದು ಚಿಕ್ಕ ವಲಸೆ ಹಕ್ಕಿ. ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಅಳೆದರೆ 42ರಿಂದ 52 ಸೆಂ.ಮೀ. ಚೀನಾ ಮತ್ತು ಅದರ ನೆರೆಯ ನಾಡುಗಳಲ್ಲಿ ಮರಿ ಮಾಡಿ, ಚಳಿಗಾಲ ಬಂದಾಗ ಆಗ್ನೇಯ ಏಷ್ಯಾದ ಕಡೆಗೆ ಇಳಿಯುವುದು ಇದರ ವಾಡಿಕೆ. ಭಾರತದಲ್ಲಿ ಈಶಾನ್ಯ ರಾಜ್ಯಗಳು ಮತ್ತು ಅಂಡಮಾನ್ ದ್ವೀಪಗಳು ಇದರ ಮಾಮೂಲಿ ನೆಲೆಗಳು. ದಕ್ಷಿಣ ಭಾರತಕ್ಕೆ ಇದು ಅಪರೂಪಕ್ಕೊಮ್ಮೆ, ಸಾಮಾನ್ಯವಾಗಿ ಒಂಟಿಯಾಗಿ, ದಾರಿ ತಪ್ಪಿ ಬರುವ ಅತಿಥಿ.

ಇದರ ಸೋದರ ಜಾತಿಯಾದ ಕೊಳದ ಬಕ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ತಾಲ್ಲೂಕುಗಳ ಕೆರೆ, ಹೊಂಡ, ಕಾಲುವೆ, ಗದ್ದೆಗಳಲ್ಲಿ ವರ್ಷವಿಡೀ ಕಾಣಸಿಗುತ್ತದೆ. ವರ್ಷದ ಅರ್ಧಕ್ಕೂ ಹೆಚ್ಚು ಕಾಲ ಈ ಎರಡು ಹಕ್ಕಿಗಳ ಬಣ್ಣ ಒಂದೇ. ಬೇಸಿಗೆಯಿಂದ ಮಳೆಗಾಲದವರೆಗಿನ ಕೆಲವು ತಿಂಗಳು ಮಾತ್ರ ಅವು ಬೇರೆಬೇರೆ ವೇಷ ತೊಡುತ್ತವೆ. ಹಾಗಾಗಿ ಅಪರೂಪದ ಅತಿಥಿಯನ್ನು ಹುಡುಕುವವರು ಮೊದಲು ಊರಿನ ಕೊಳದ ಬಕವನ್ನೇ ಚೆನ್ನಾಗಿ ನೋಡಿ ಕಲಿಯಬೇಕು.

ಬಕಗಳ ಬಳಗ

ಆಡುಮಾತಿನಲ್ಲಿ ಉದ್ದ ಕಾಲು, ಉದ್ದ ಕೊಕ್ಕು ಇರುವ ನೀರುಹಕ್ಕಿಗಳೆಲ್ಲ ‘ಕೊಕ್ಕರೆ’, ಬೆಳ್ಳಗಿದ್ದರೆ ‘ಬೆಳ್ಳಕ್ಕಿ’. ಪಕ್ಷಿ ಪುಸ್ತಕಗಳು ಇವನ್ನು ಬಿಡಿಸಿ ಹೇಳುತ್ತವೆ. ಬಕ, ಬೆಳ್ಳಕ್ಕಿ, ಇರುಳು ಬಕ, ಗುಪ್ಪಿ ಇವು ಒಂದೇ ಕುಟುಂಬದವು. ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆಗಳದು ಬೇರೆ ಕುಟುಂಬ. ದೂರದಿಂದಲೇ ವ್ಯತ್ಯಾಸ ತಿಳಿಯಲು ಹಾರುವ ಭಂಗಿ ನೋಡಿದರೆ ಸಾಕು. ಬಕಗಳು ಹಾರುವಾಗ ಕತ್ತನ್ನು ಮಡಿಚಿ ತಲೆಯನ್ನು ಭುಜಗಳ ನಡುವೆ ಎಳೆದುಕೊಳ್ಳುತ್ತವೆ. ಕೊಕ್ಕರೆಗಳು ಕತ್ತನ್ನು ನೀಳವಾಗಿ ಮುಂದಕ್ಕೆ ಚಾಚುತ್ತವೆ. ಬಕದ ಕತ್ತಿನ ಆರನೆಯ ಎಲುಬು ಉಳಿದವುಗಳಿಗಿಂತ ಭಿನ್ನವಾಗಿ ರೂಪುಗೊಂಡಿದೆ. ಕತ್ತು ಕೊಂಕಿ ಮಡಿಚಿಕೊಳ್ಳುವುದಕ್ಕೂ, ಮೀನು ಕಂಡಾಗ ಬಾಣದಂತೆ ನುಗ್ಗುವುದಕ್ಕೂ ಈ ಎಲುಬೇ ಆಧಾರ.

ಈ ಕುಟುಂಬದೊಳಗೆ ಕೊಳದ ಬಕಗಳದು ‘ಆರ್ಡಿಯೋಲಾ’ ಎಂಬ ಕುಲ. ಲ್ಯಾಟಿನ್ ಭಾಷೆಯಲ್ಲಿ ‘ಆರ್ಡಿಯಾ’ ಎಂದರೆ ಬಕ, ‘ಆರ್ಡಿಯೋಲಾ’ ಎಂದರೆ ಪುಟ್ಟ ಬಕ. ಜಗತ್ತಿನಲ್ಲಿ ಈ ಕುಲದ ಆರು ಜಾತಿಗಳಿವೆ: ಭಾರತ ಉಪಖಂಡದ ಕೊಳದ ಬಕ, ಚೀನೀ ಕೊಳದ ಬಕ, ಜಾವಾ ಕೊಳದ ಬಕ, ಮಡಗಾಸ್ಕರ್ ಕೊಳದ ಬಕ, ಯುರೋಪ್ ಮತ್ತು ಆಫ್ರಿಕಾಗಳ ಸ್ಕ್ವಾಕೋ ಬಕ, ಆಫ್ರಿಕಾದ ಕೆಂಪು ಹೊಟ್ಟೆಯ ಬಕ.

ಭಾರತದ ಕೊಳದ ಬಕಕ್ಕೆ 1832ರಲ್ಲಿ ವೈಜ್ಞಾನಿಕ ಹೆಸರು ಕೊಟ್ಟವನು ದಖ್ಖನ್ನಿನ ಹಕ್ಕಿಗಳ ಪಟ್ಟಿ ಸಿದ್ಧಪಡಿಸಿದ ವಿಲಿಯಂ ಹೆನ್ರಿ ಸೈಕ್ಸ್ ಎಂಬ ಸೈನ್ಯಾಧಿಕಾರಿ. ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಜಾನ್ ಎಡ್ವರ್ಡ್ ಗ್ರೇ ನೆನಪಿಗೆ ಆತ ಅದನ್ನು ‘ಗ್ರೇಯೈ’ ಎಂದು ಕರೆದ. ಚೀನೀ ಜಾತಿಗೆ 1855ರಲ್ಲಿ ‘ಬಾಕಸ್’ ಎಂದು ಹೆಸರಿಟ್ಟವನು ನೆಪೋಲಿಯನ್ನನ ತಮ್ಮನ ಮಗ ಶಾರ್ಲ್ ಲೂಸಿಯೆನ್ ಬೊನಪಾರ್ಟ್. ಬಾಕಸ್ ಎಂದರೆ ರೋಮನ್ನರ ದ್ರಾಕ್ಷಾರಸದ ದೇವತೆ. ಮರಿ ಮಾಡುವ ಕಾಲದಲ್ಲಿ ಈ ಹಕ್ಕಿಯ ಕತ್ತಿಗೆ ಬರುವ ಕಡುಗೆಂಪು ದ್ರಾಕ್ಷಾರಸವನ್ನೇ ನೆನಪಿಸುತ್ತದೆ.

ಊರಿನ ಕೊಳದ ಬಕ

ಕೆರೆಯ ಅಂಚಿನಲ್ಲಿ ಕೆಸರಿನ ಬಣ್ಣದ ಹಕ್ಕಿಯೊಂದು ಕುಗ್ಗಿ ಕುಳಿತಿರುತ್ತದೆ. ಮಣ್ಣಿನ ಹೆಂಟೆ ಯಾವುದು, ಹಕ್ಕಿ ಯಾವುದು ತಿಳಿಯುವುದಿಲ್ಲ. ಎರಡು ಹೆಜ್ಜೆ ಹತ್ತಿರ ಹೋದರೆ ಅದು ಒಮ್ಮೆ ಕರ್ಕಶವಾಗಿ ಕೂಗಿ, ಬೆಳ್ಳಗಿನ ರೆಕ್ಕೆ ಬಿಚ್ಚಿ ಹಾರುತ್ತದೆ. ಆಚೆ ದಡದಲ್ಲಿ ಇಳಿದು ರೆಕ್ಕೆ ಮಡಿಚಿದೊಡನೆ ಬಿಳುಪೆಲ್ಲ ಮಾಯ. ಕುಳಿತಾಗ ಕಂದು, ಹಾರಿದಾಗ ಬಿಳಿ ಎಂಬ ಈ ಆಟವೇ ಕೊಳದ ಬಕದ ಮೊದಲ ಗುರುತು. ಚೀನೀ ಕೊಳದ ಬಕವೂ ಇದೇ ಆಟ ಆಡುತ್ತದೆ.

ಚಳಿಗಾಲದ ಉಡುಪಿನಲ್ಲಿ ತಲೆ, ಕತ್ತು, ಎದೆಯ ಮೇಲೆ ಕಂದು ಮತ್ತು ತಿಳಿಹಳದಿಯ ಉದ್ದ ಗೀಟುಗಳಿರುತ್ತವೆ. ಬೆನ್ನು ಮಣ್ಣುಗಂದು, ಹೊಟ್ಟೆ, ರೆಕ್ಕೆ, ಬಾಲ ಬಿಳಿ. ಕಪ್ಪೆ, ಸಣ್ಣ ಮೀನು, ಏಡಿ, ನೀರುಹುಳು, ಮಿಡತೆ ಇದರ ಆಹಾರ. ಅಲುಗಾಡದೆ ನಿಂತು ಬೇಟೆ ತಾನಾಗಿ ಹತ್ತಿರ ಬರುವವರೆಗೆ ಕಾಯುವುದು ಇದರ ರೀತಿ. ‘ಬಕಧ್ಯಾನ’ ಎಂಬ ಮಾತು ಹುಟ್ಟಿದ್ದೂ ಇಂಥ ಹಕ್ಕಿಗಳನ್ನು ನೋಡಿಯೇ.

ಬೇಸಿಗೆ ಬಂದಂತೆ ಗೀಟುಗಳು ಉದುರಿ ಹೊಸ ಗರಿ ಮೂಡುತ್ತವೆ. ತಲೆ ಮತ್ತು ಕತ್ತು ತಿಳಿ ಹಳದಿಗಂದು ಬಣ್ಣಕ್ಕೆ ತಿರುಗುತ್ತವೆ. ಬೆನ್ನಿನ ಮೇಲೆ ಕಡುಗೆಂಪಿನ ನೀಳ ಗರಿಗಳು ಶಾಲು ಹೊದೆಸಿದಂತೆ ಇಳಿಬೀಳುತ್ತವೆ. ನೆತ್ತಿಯ ಹಿಂದೆ ಎರಡು ಮೂರು ಬಿಳಿ ಗರಿಗಳ ಜುಟ್ಟು ಬರುತ್ತದೆ. ಮುಂಗಾರಿನ ಹೊತ್ತಿಗೆ ಊರೊಳಗಿನ ಆಲ, ಅರಳಿ, ಹುಣಸೆ, ಮಾವಿನ ಮರಗಳಲ್ಲಿ ಬೆಳ್ಳಕ್ಕಿಗಳ ಜೊತೆ ಗುಂಪುಗೂಡಿ ಕಡ್ಡಿಗೂಡು ಕಟ್ಟುತ್ತದೆ. ಸಾಮಾನ್ಯವಾಗಿ 3ರಿಂದ 5 ಮೊಟ್ಟೆ ಇಡುತ್ತದೆ.

ಕೆಂಪು ಎಲ್ಲಿದೆ?

ಮರಿ ಮಾಡುವ ಕಾಲದಲ್ಲಿ ಎರಡೂ ಹಕ್ಕಿಗಳ ಮೈಮೇಲೆ ಕಡುಗೆಂಪು ಇರುತ್ತದೆ. ಗೊಂದಲ ಹುಟ್ಟುವುದೂ ಇಲ್ಲೇ, ಬಗೆಹರಿಯುವುದೂ ಇಲ್ಲೇ. ‘ಕೆಂಪು ಕೊಕ್ಕರೆ ಕಂಡಿತು’ ಎಂದರೆ ಏನೂ ತಿಳಿಯುವುದಿಲ್ಲ. ಕೆಂಪು ಮೈಯ ಯಾವ ಭಾಗದಲ್ಲಿತ್ತು ಎಂದು ಕೇಳಬೇಕು. ಕೆಂಪು ಬೆನ್ನಿನ ಮೇಲಿದ್ದು ಕತ್ತು ತಿಳಿಯಾಗಿದ್ದರೆ ಅದು ಊರಿನ ಕೊಳದ ಬಕ. ಕೆಂಪು ತಲೆ ಮತ್ತು ಕತ್ತಿನ ಮೇಲಿದ್ದು ಬೆನ್ನು ಕಪ್ಪಾಗಿದ್ದರೆ ಅದು ಚೀನೀ ಕೊಳದ ಬಕ. ಭಾಗ ಭಾಗವಾಗಿ ಹೋಲಿಸುವುದು ಹೀಗೆ:

• ತಲೆ ಮತ್ತು ಕತ್ತು: ಊರಿನದರಲ್ಲಿ ತಿಳಿ ಹಳದಿಗಂದು. ಚೀನೀ ಜಾತಿಯಲ್ಲಿ ಕಡುಗೆಂಪು. ಗಂಟಲಿನ ಅಡಿ ಮಾತ್ರ ಬಿಳಿ.

• ಎದೆ: ಊರಿನದರಲ್ಲಿ ತೆಳುಗಂದು. ಚೀನೀ ಜಾತಿಯಲ್ಲಿ ಕತ್ತಿನ ಕೆಂಪೇ ಎದೆಗೆ ಇಳಿದು, ಬಿಳಿ ಹೊಟ್ಟೆಯ ಅಂಚಿನಲ್ಲಿ ನಿಲ್ಲುತ್ತದೆ.

• ಬೆನ್ನು: ಊರಿನದರಲ್ಲಿ ಕಡುಗೆಂಪು. ಚೀನೀ ಜಾತಿಯಲ್ಲಿ ಹಲಗೆಬಳಪದಂಥ ಬೂದಿಗಪ್ಪು.

• ಜುಟ್ಟು: ಊರಿನದರಲ್ಲಿ ಬಿಳಿ. ಚೀನೀ ಜಾತಿಯಲ್ಲಿ ತಲೆಯದೇ ಕೆಂಪು.

• ರೆಕ್ಕೆ ಮತ್ತು ಬಾಲ: ಎರಡರಲ್ಲೂ ಬಿಳಿ.

• ಕೊಕ್ಕು: ಎರಡರಲ್ಲೂ ಹಳದಿ, ತುದಿ ಕಪ್ಪು. ಇದರಿಂದ ಜಾತಿ ಹೇಳಲಾಗದು.

ಗಾತ್ರವನ್ನೂ ಗುರುತಾಗಿ ಹಿಡಿಯಬಾರದು. ಊರಿನ ಕೊಳದ ಬಕ 42ರಿಂದ 45 ಸೆಂ.ಮೀ. ಇರುತ್ತದೆ, ಚೀನೀ ಜಾತಿಯ ಅಳತೆಯೂ ಅದಕ್ಕೆ ತಾಗಿಕೊಂಡೇ ಇದೆ. ಕತ್ತು ಚಾಚಿದರೆ ದೊಡ್ಡದು, ಮುದುಡಿದರೆ ಚಿಕ್ಕದು ಎಂದು ಕಾಣುವ ಹಕ್ಕಿಯ ಗಾತ್ರವನ್ನು ದೂರದಿಂದ ಅಂದಾಜು ಮಾಡುವುದು ಮೋಸದ ಕೆಲಸ.

ಇವೆರಡರ ನಡುವೆ ಮೂರನೆಯದೂ ಒಂದಿದೆ. ಆಗ್ನೇಯ ಏಷ್ಯಾದ ಜಾವಾ ಕೊಳದ ಬಕಕ್ಕೆ ಮರಿ ಮಾಡುವ ಕಾಲದಲ್ಲಿ ಬೆನ್ನು ಕಪ್ಪು, ಆದರೆ ತಲೆ ಮತ್ತು ಕತ್ತು ಕೆಂಪಲ್ಲ, ತಿಳಿ ಹಳದಿಗಂದು. ಆದ್ದರಿಂದ ಬೆನ್ನು ಕಪ್ಪು ಎಂಬುದೊಂದೇ ಸಾಲದು. ಕತ್ತಿನ ಕೆಂಪು ಮತ್ತು ಬೆನ್ನಿನ ಕಪ್ಪು ಎರಡೂ ಒಟ್ಟಿಗೆ ಕಾಣಬೇಕು.

ಚಳಿಗಾಲದ ತೊಡಕು

ಮರಿ ಮಾಡುವ ಕಾಲ ಮುಗಿದ ಮೇಲೆ ಚೀನೀ ಕೊಳದ ಬಕ ಕೆಂಪು, ಕಪ್ಪು ಎರಡನ್ನೂ ಕಳಚಿ ಗೀಟುಗಂದು ಉಡುಪಿಗೆ ಮರಳುತ್ತದೆ. ಆಗ ಅದನ್ನು ಊರಿನ ಕೊಳದ ಬಕದಿಂದ ಬೇರ್ಪಡಿಸುವುದು ಪಳಗಿದ ಕಣ್ಣಿಗೂ ಕಷ್ಟ. ಮರಿಹಕ್ಕಿಗಳ ವಿಷಯದಲ್ಲೂ ಹಾಗೆಯೇ. ನವೆಂಬರಿನಲ್ಲಿ ಕಂಡ ಗೀಟುಗಂದು ಹಕ್ಕಿಯನ್ನು ಕಣ್ಣಂದಾಜಿನ ಮೇಲೆ ಚೀನೀ ಎಂದು ಬರೆದಿಟ್ಟರೆ ಆ ದಾಖಲೆಗೆ ಬೆಲೆಯಿಲ್ಲ.

ಈ ತೊಡಕಿನಿಂದ ತಿಳಿಯುವ ಸಂಗತಿಯೊಂದಿದೆ. ದಕ್ಷಿಣ ಭಾರತದಲ್ಲಿ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಕೆಂಪು ಕತ್ತಿನ ಹಕ್ಕಿಯೊಂದು ಕಂಡಿತೆಂದರೆ ಅದು ಅದೇ ವಾರ ಬಂದಿಳಿಯಿತು ಎಂದು ಅರ್ಥವಲ್ಲ. ಊರಿನ ಬಕಗಳ ನಡುವೆ ಅದು ಇಡೀ ಚಳಿಗಾಲ ಕಳೆದಿರಬಹುದು. ಬಣ್ಣ ಬದಲಾದಾಗಲೇ ಅದರ ಗುಟ್ಟು ಬಯಲಾಗುವುದು.

ಬಣ್ಣ ತಿರುಗುವ ನಡುವಿನ ವಾರಗಳಲ್ಲಿ ಕತ್ತಿನ ಗೀಟುಗಳ ನಡುವೆ ಕೆಂಪು ಗರಿಗಳು ತೇಪೆ ಹಾಕಿದಂತೆ ಮೂಡುತ್ತವೆ. ಅಂಥ ಹಕ್ಕಿ ಕಂಡರೆ ಆತುರದ ತೀರ್ಮಾನ ಬೇಡ. ಅದೇ ಜಾಗಕ್ಕೆ ವಾರಕ್ಕೊಮ್ಮೆ ಹೋಗಿ ನೋಡಿದರೆ ಎರಡು ಮೂರು ವಾರಗಳಲ್ಲಿ ಹಕ್ಕಿಯೇ ತನ್ನ ಗುರುತು ಹೇಳುತ್ತದೆ.

ದಾರಿ ತಪ್ಪುವುದು ಹೇಗೆ

ಅಸ್ಸಾಮಿನ ಜೌಗುಗಳಿಂದ ಹಾವೇರಿಗೆ ನೇರ ರೇಖೆಯಲ್ಲಿ ಸುಮಾರು 2,000 ಕಿ.ಮೀ. ವಲಸೆ ಹಕ್ಕಿಗೆ ಇದು ಹಾರಲಾಗದ ದೂರವೇನಲ್ಲ. ಹಕ್ಕಿಗಳು ವಾಡಿಕೆಯ ನೆಲೆ ಬಿಟ್ಟು ಹೀಗೆ ದೂರ ಹೋಗಿಬಿಡಲು ಹಲವು ಕಾರಣಗಳಿವೆ. ಮೊದಲ ಬಾರಿ ವಲಸೆ ಹೊರಟ ಎಳೆಯ ಹಕ್ಕಿಗೆ ದಿಕ್ಕು ತಪ್ಪಬಹುದು. ಬಿರುಗಾಳಿ, ಚಂಡಮಾರುತ ಹಕ್ಕಿಯನ್ನು ದಾರಿಯಿಂದ ಆಚೆಗೆ ದೂಡಬಹುದು. ಮರಿ ಮಾಡುವ ತಾಣಕ್ಕೆ ಮರಳುವಾಗ ಗುರಿ ದಾಟಿ ಮುಂದೆ ಹೋಗುವುದೂ ಉಂಟು. ಬಕಗಳಂಥ ಗುಂಪುಹಕ್ಕಿಗಳು ಬೇರೆ ಜಾತಿಯ ಹಿಂಡಿನ ಜೊತೆ ಸೇರಿಕೊಂಡು ಅದರ ಹಾದಿಯನ್ನೇ ಹಿಡಿಯುವುದೂ ಇದೆ. ಈಶಾನ್ಯ ಭಾರತದಲ್ಲಿ ಎರಡೂ ಕೊಳದ ಬಕಗಳು ಒಂದೇ ನೀರಿನಲ್ಲಿ ಮೇಯುವುದರಿಂದ ಇಂಥ ಸಹಪ್ರಯಾಣಕ್ಕೆ ಅವಕಾಶ ಹೆಚ್ಚು.

ಈ ಹಕ್ಕಿ ಎಷ್ಟು ದೂರ ತಪ್ಪಿಸಿಕೊಳ್ಳಬಲ್ಲದು ಎಂಬುದಕ್ಕೆ 1996ರ ಆಗಸ್ಟಿನ ಘಟನೆ ಸಾಕ್ಷಿ. ಅಮೆರಿಕದ ಅಲಾಸ್ಕಾಕ್ಕೆ ಸೇರಿದ, ಬೇರಿಂಗ್ ಸಮುದ್ರದ ನಡುವಿನ ಸೇಂಟ್ ಪಾಲ್ ದ್ವೀಪದಲ್ಲಿ ಒಂದು ಚೀನೀ ಕೊಳದ ಬಕ ಕೆಲವು ದಿನ ತಂಗಿತ್ತು. ಉತ್ತರ ಅಮೆರಿಕದಲ್ಲಿ ಈ ಜಾತಿ ದಾಖಲಾದದ್ದು ಅದೇ ಮೊದಲು.

ನಾಲ್ಕು ತಾಲ್ಲೂಕುಗಳ ನೀರು

ಕೊಳದ ಬಕಕ್ಕೆ ಬೇಕಾದದ್ದು ಮೊಣಕಾಲುದ್ದದ ನೀರು, ಅಂಚಿನಲ್ಲಿ ಜೇಕು–ಆಪು, ರಾತ್ರಿ ತಂಗಲು ಒಂದು ದೊಡ್ಡ ಮರ. ನಾಲ್ಕೂ ತಾಲ್ಲೂಕುಗಳಲ್ಲಿ ಇದು ಸಿಗುತ್ತದೆ, ಆದರೆ ಬೇರೆಬೇರೆ ಬಗೆಯಲ್ಲಿ.

ಹಾನಗಲ್ಲ ಅರೆಮಲೆನಾಡು. ಪಕ್ಕದ ಮುಂಡಗೋಡ ತಾಲ್ಲೂಕಿನ ಮಳಗಿಯಲ್ಲಿರುವ ಧರ್ಮಾ ಜಲಾಶಯದ ಕಾಲುವೆ ನೀರು, ಸಾಲುಸಾಲು ಕೆರೆಗಳು, ಭತ್ತದ ಗದ್ದೆಗಳು ಇಲ್ಲಿಯ ಭೂಮಿಯ ಗುಣ. ಕೂರಿಗೆಯಲ್ಲಿ ಬಿತ್ತಿದ ಭತ್ತವಾಗಲಿ ನಾಟಿಯ ಭತ್ತವಾಗಲಿ, ಗದ್ದೆಯಲ್ಲಿ ನೀರು ನಿಂತ ಮೇಲೆ ಬಕಗಳು ಕೆರೆ ಬಿಟ್ಟು ಗದ್ದೆಯ ಬದುಗಳಿಗೆ ಹಂಚಿಹೋಗುತ್ತವೆ. ಪಟ್ಟಣದ ಆನಿಕೆರೆಯ ಅಂಚು ನೋಡುವುದಕ್ಕೆ ಸುಲಭ. ಮಳೆಗಾಲದಲ್ಲಿ ಮಾತ್ರ ಕೆರೆಗಿಂತ ಗದ್ದೆಬದುವಿನ ನಡಿಗೆಯೇ ಲಾಭ.

ಶಿಗ್ಗಾವಿ ತಾಲ್ಲೂಕಿನಲ್ಲಿ ಪಶ್ಚಿಮಕ್ಕೆ ಭತ್ತ, ಪೂರ್ವಕ್ಕೆ ಹೋದಂತೆ ಗೋವಿನಜೋಳ ಮತ್ತು ಒಣಬೇಸಾಯ. ನಾಗನೂರ ಕೆರೆಯಂಥ ದೊಡ್ಡ ನೀರಿನ ಆಳದ ಭಾಗ ಬಾತು, ನೀರುಕಾಗೆಗಳಿಗೆ ಸೇರಿದ್ದು. ಕೊಳದ ಬಕ ಹುಡುಕಬೇಕಾದದ್ದು ಕೆರೆಗೆ ಹಳ್ಳ ಬಂದು ಸೇರುವ ತುದಿಯಲ್ಲಿ, ನೀರು ತೆಳುವಾಗಿ ಹರಡಿ ಕೆಸರು ಮೇಲೇಳುವ ಕಡೆ. ನವಿಲುಧಾಮವಿರುವ ಬಂಕಾಪುರ ಕೋಟೆಯ ಸುತ್ತಲಿನ ಮರಗಳನ್ನೂ ಸಂಜೆ ಗಮನಿಸುವುದು ಒಳ್ಳೆಯದು.

ಸವಣೂರ ಬಯಲುಸೀಮೆಗೆ ಹತ್ತಿರ. ಇಲ್ಲಿ ನೀರು ಕಡಿಮೆ, ಇರುವ ನೀರಿಗೆ ಹಕ್ಕಿಗಳ ದಟ್ಟಣೆ ಹೆಚ್ಚು. ನವಾಬರ ಕಾಲದ ನೆನಪು ಹೊತ್ತ ಮೋತಿ ತಲಾಬ, ವೀಳ್ಯದೆಲೆ ತೋಟಗಳ ನೀರುಕಾಲುವೆಗಳು, ವರದಾ ನದಿಯ ದಂಡೆಯ ಮಡುಗಳು ನೋಡಬೇಕಾದ ಜಾಗಗಳು. ಬೇಸಿಗೆಯಲ್ಲಿ ಸಣ್ಣ ಹೊಂಡಗಳೆಲ್ಲ ಬತ್ತಿದಾಗ ಸುತ್ತಲಿನ ಬಕಗಳು ಉಳಿದ ಕೆಲವೇ ನೀರಿಗೆ ಬಂದು ಸೇರುತ್ತವೆ. ಬಣ್ಣ ಬದಲಾಗುವ ಕಾಲವೂ ಅದೇ ಆದ್ದರಿಂದ ಒಂದೇ ಬೆಳಗಿನಲ್ಲಿ ಹಲವು ಹಕ್ಕಿಗಳನ್ನು ಹೋಲಿಸಲು ಸವಣೂರಿನ ಕಡೆ ಅನುಕೂಲ.

ಹಿರೇಕೆರೂರಿನ ಹೆಸರಿನಲ್ಲೇ ಹಿರಿಯ ಕೆರೆಯಿದೆ. ಊರಿಗೆ ಅಂಟಿಕೊಂಡ ದುರ್ಗಾದೇವಿ ಕೆರೆಯ ಏರಿಯ ಮೇಲೆ ನಿಂತರೆ ಅಂಚಿನ ಹಕ್ಕಿಗಳನ್ನು ಮೇಲಿನಿಂದ ನೋಡಬಹುದು. ಕೊಳದ ಬಕದ ಬೆನ್ನಿನ ಬಣ್ಣ ತಿಳಿಯಲು ಇದಕ್ಕಿಂತ ಒಳ್ಳೆಯ ಕೋನ ಇಲ್ಲ. ಹಿಂದೆ ಇದೇ ತಾಲ್ಲೂಕಿಗೆ ಸೇರಿದ್ದ ಮಾಸೂರಿನ ಬಳಿ, ಕುಮುದ್ವತಿ ನದಿಗೆ ಎರಡು ಗುಡ್ಡಗಳ ನಡುವೆ ವಿಜಯನಗರ ಕಾಲದಲ್ಲಿ ಕಟ್ಟಿದ ಮದಗದ ಕೆರೆ ಇದೆ. ಅದರ ಕೆಳಗಿನ ಹಸಿ ಭೂಮಿಯೂ ನೋಡತಕ್ಕದ್ದು.

ಈ ನಾಲ್ಕು ತಾಲ್ಲೂಕುಗಳ ಸುತ್ತ ಹೆಸರಾದ ಪಕ್ಷಿತಾಣಗಳೂ ಇವೆ: ಮುಂಡಗೋಡ ತಾಲ್ಲೂಕಿನ ಅತ್ತಿವೇರಿ, ಸೊರಬ ತಾಲ್ಲೂಕಿನ ಗುಡವಿ, ಗದಗ ಜಿಲ್ಲೆಯ ಮಾಗಡಿ ಕೆರೆ. ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಈ ತಾಣಗಳಲ್ಲಿ ಸೇರುವ ಹಕ್ಕಿಗಳು ಮೇವು ಹುಡುಕಿ ಸುತ್ತಲಿನ ಕೆರೆಗಳಿಗೂ ಹೋಗಿಬರುತ್ತವೆ. ಹಾಗಾಗಿ ಅಪರೂಪದ ಹಕ್ಕಿ ಹೆಸರಿಲ್ಲದ ಊರಕೆರೆಯಲ್ಲೂ ಸಿಗಬಹುದು.

ತಿಂಗಳ ಲೆಕ್ಕ

ನವೆಂಬರಿನಿಂದ ಫೆಬ್ರುವರಿವರೆಗೆ ಕೆರೆಗಳಲ್ಲಿ ನೀರು ಚೆನ್ನಾಗಿರುತ್ತದೆ, ಬಕಗಳೆಲ್ಲ ಗೀಟುಗಂದು. ಇದು ಕಲಿಕೆಯ ಕಾಲ. ಪ್ರತಿ ಕೆರೆಯಲ್ಲಿ ಎಷ್ಟು ಕೊಳದ ಬಕಗಳಿವೆ, ಎಲ್ಲಿ ಮೇಯುತ್ತವೆ, ಯಾವ ಮರದಲ್ಲಿ ತಂಗುತ್ತವೆ ಎಂದು ಬರೆದಿಟ್ಟರೆ ಮುಂದಿನ ಕೆಲಸ ಹಗುರ.

ಮಾರ್ಚ್ ಕೊನೆಯಿಂದ ಮೇವರೆಗೆ ಹುಡುಕಾಟದ ಕಾಲ. ನೀರು ಇಳಿದು ಹಕ್ಕಿಗಳು ಒತ್ತಾಗುತ್ತವೆ, ಬಣ್ಣ ತಿರುಗುತ್ತದೆ. ಈ ಅವಧಿಯಲ್ಲಿ ವಾರಕ್ಕೊಮ್ಮೆ ಒಂದೇ ಕೆರೆಯನ್ನು ನೋಡುವುದು, ಒಂದೇ ದಿನ ಹತ್ತು ಕೆರೆ ಸುತ್ತುವುದಕ್ಕಿಂತ ಫಲಕಾರಿ.

ಜೂನಿನಿಂದ ಆಗಸ್ಟ್‌ವರೆಗೆ ಊರಿನ ಬಕಗಳು ಗೂಡುಗಳಲ್ಲಿ ತೊಡಗಿರುತ್ತವೆ. ಹಿಂದುಳಿದ ಅತಿಥಿಯಿದ್ದರೆ ಅದು ಪೂರ್ಣ ಬಣ್ಣದಲ್ಲಿರುತ್ತದೆ, ಆದರೆ ಗದ್ದೆಗಳಲ್ಲಿ ಹರಡಿಹೋದ ಹಕ್ಕಿಗಳನ್ನು ಹುಡುಕುವುದು ಕಷ್ಟ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬಣ್ಣ ಮತ್ತೆ ಮಾಸುತ್ತದೆ.

ನೋಡುವ ಕ್ರಮ

ಬೆಳಗಿನ ಮೊದಲ ಎರಡು ತಾಸು ಮತ್ತು ಸಂಜೆ ಹಕ್ಕಿಗಳು ತಂಗುಮರಕ್ಕೆ ಮರಳುವ ಹೊತ್ತು ಒಳ್ಳೆಯದು. ಆದರೆ ಬಣ್ಣ ಗುರುತಿಸುವುದಕ್ಕೆ ಬೆಳಗೇ ಮೇಲು. ಸೂರ್ಯ ಮುಳುಗುವ ಹೊತ್ತಿನ ಕೆಂಬಿಸಿಲಿನಲ್ಲಿ ತಿಳಿ ಹಳದಿಗಂದು ಕತ್ತೂ ಕೆಂಪಾಗಿ ಕಾಣುತ್ತದೆ. ನೆರಳಿನಲ್ಲಿ ಕಡುಗೆಂಪು ಬೆನ್ನು ಕಪ್ಪಾಗಿ ಕಾಣುತ್ತದೆ. ಈ ಎರಡು ಮೋಸಗಳು ಒಂದಾದರೆ ಊರಿನ ಬಕವೇ ಚೀನೀ ಬಕವಾಗಿಬಿಡುತ್ತದೆ. ಸೂರ್ಯ ಬೆನ್ನ ಹಿಂದೆ ಇರುವಂತೆ ನಿಂತು, ಒಂದೇ ಹಕ್ಕಿಯನ್ನು ಎರಡು ಮೂರು ಕೋನಗಳಿಂದ ನೋಡುವುದು ಇದಕ್ಕೆ ಪರಿಹಾರ.

8×42 ಅಳತೆಯ ದುರ್ಬೀನು ಈ ಕೆಲಸಕ್ಕೆ ಸಾಕು. ಮೊಬೈಲಿನಲ್ಲಿ ದೂರದ ಹಕ್ಕಿ ಚುಕ್ಕೆಯಾಗಿ ಬರುತ್ತದೆ, ಆದರೂ ಜಾಗ ಮತ್ತು ಸಮಯದ ಸಾಕ್ಷಿಯಾಗಿ ಅದೂ ಉಪಯೋಗಕ್ಕೆ ಬರುತ್ತದೆ. ಉಟ್ಟ ಬಟ್ಟೆ ಮಣ್ಣುಬಣ್ಣ ಅಥವಾ ಹಸಿರಿನದಾಗಿರಲಿ. ಏರಿಯ ಮೇಲೆ ನೆಟ್ಟಗೆ ನಡೆದು ಹೋದರೆ ಹಕ್ಕಿ ಹಾರುತ್ತದೆ. ಒಂದು ಕಡೆ ಕುಳಿತು ಕಾದರೆ ಅದೇ ಹತ್ತಿರ ಬರುತ್ತದೆ. ದನ ಮೇಯಿಸುವವರಿಗೆ, ಮೀನು ಹಿಡಿಯುವವರಿಗೆ, ಗದ್ದೆ ಕೆಲಸದವರಿಗೆ ಬಕಗಳು ಹೆದರುವುದು ಕಡಿಮೆ. ಯಾವ ಮೂಲೆಯಲ್ಲಿ ಯಾವ ಹಕ್ಕಿ ದಿನವೂ ನಿಲ್ಲುತ್ತದೆ ಎಂಬುದು ಇವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ನೋಡುವಾಗ ಪ್ರಶ್ನೆಗಳ ಸರದಿ ಹೀಗಿರಲಿ. ಹಾರಿದಾಗ ರೆಕ್ಕೆ ಬಿಳಿಯೇ? ಬಿಳಿಯಲ್ಲದಿದ್ದರೆ ಅದು ಕೊಳದ ಬಕವೇ ಅಲ್ಲ. ಬಿಳಿಯಾದರೆ, ಕತ್ತಿನ ಬಣ್ಣ ಯಾವುದು? ಬೆನ್ನಿನ ಬಣ್ಣ ಯಾವುದು? ಜುಟ್ಟಿನ ಬಣ್ಣ ಯಾವುದು? ಪಕ್ಕದಲ್ಲಿ ಊರಿನ ಬಕವಿದ್ದರೆ ಅದಕ್ಕೂ ಇದಕ್ಕೂ ಅದೇ ಬೆಳಕಿನಲ್ಲಿ ಏನು ವ್ಯತ್ಯಾಸ? ಈ ಐದಕ್ಕೂ ಉತ್ತರ ಸಿಕ್ಕ ಮೇಲೆ ಹೆಸರು ಹೇಳಬಹುದು.

ಮೋಸಗೊಳಿಸುವ ಹಕ್ಕಿಗಳು

ಕೆಂಪು ಅಥವಾ ಕಪ್ಪು ಛಾಯೆಯ ಚಿಕ್ಕ ಬಕಗಳು ಇನ್ನೂ ಕೆಲವಿವೆ. ಇವುಗಳಲ್ಲಿ ಹೆಚ್ಚಿನವನ್ನು ರೆಕ್ಕೆಯ ಬಣ್ಣದಿಂದಲೇ ಬೇರ್ಪಡಿಸಬಹುದು.

ಕೆಂಪು ಗುಪ್ಪಿ ಸುಮಾರು 40 ಸೆಂ.ಮೀ. ಉದ್ದದ, ಆಪಿನ ಪೊದೆಯಲ್ಲಿ ಅಡಗುವ ಹಕ್ಕಿ. ಗಂಡಿನ ಬೆನ್ನು, ರೆಕ್ಕೆ ಎಲ್ಲ ದಾಲ್ಚಿನ್ನಿಯ ಬಣ್ಣ. ಹಾರಿದಾಗಲೂ ಬಿಳುಪು ಕಾಣದು.

ಹಳದಿ ಗುಪ್ಪಿ ಅದಕ್ಕಿಂತ ಸ್ವಲ್ಪ ಚಿಕ್ಕದು. ಮೈ ತಿಳಿಹಳದಿ, ಹಾರುವಾಗ ರೆಕ್ಕೆಯ ಹಿಂಭಾಗ ಮತ್ತು ಬಾಲ ಕಪ್ಪಾಗಿ ಎದ್ದು ಕಾಣುತ್ತವೆ.

ಕಪ್ಪು ಗುಪ್ಪಿ ಕೊಳದ ಬಕಕ್ಕಿಂತ ದೊಡ್ಡದು. ಮೈಯೆಲ್ಲ ಕಪ್ಪು, ಕತ್ತಿನ ಪಕ್ಕದಲ್ಲಿ ಹಳದಿ ಪಟ್ಟೆ. ರೆಕ್ಕೆಯೂ ಕಪ್ಪು.

ಹಸಿರು ಬಕ ಕೊಳದ ಬಕದಷ್ಟೇ ಇರುವ, ನೆತ್ತಿ ಕಪ್ಪಾದ, ಬೂದು–ಹಸಿರು ಮೈಯ ಹಕ್ಕಿ. ನೀರಿಗೆ ಬಾಗಿದ ಕೊಂಬೆ ಇದರ ಆಸನ. ರೆಕ್ಕೆ ಬೂದು.

ಇರುಳು ಬಕದ ಮರಿ ಕಂದು ಬಣ್ಣದ್ದಾಗಿದ್ದು ಮೈತುಂಬ ಬಿಳಿ ಚುಕ್ಕೆಗಳಿರುತ್ತವೆ. ಗಾತ್ರ ದೊಡ್ಡದು, ರೆಕ್ಕೆ ಕಂದು.

ಮಲಯ ಇರುಳು ಬಕ ಪಶ್ಚಿಮಘಟ್ಟದ ದಟ್ಟ ಕಾಡಿನ ತೊರೆಗಳ ಹಕ್ಕಿ. ಕೆಂಗಂದು ಮೈ, ಕಪ್ಪು ನೆತ್ತಿ, ಗಿಡ್ಡ ಕೊಕ್ಕು. ಇದರ ರೆಕ್ಕೆಯೂ ಬಿಳಿಯಲ್ಲ.

ಗೋವಕ್ಕಿಯ ರೆಕ್ಕೆ ಬಿಳಿ. ಮರಿ ಮಾಡುವ ಕಾಲದಲ್ಲಿ ಇದರ ತಲೆ, ಕತ್ತು, ಬೆನ್ನಿಗೆ ಕಿತ್ತಳೆಯ ಛಾಯೆ ಬರುತ್ತದೆ. ಆದರೆ ಅದು ಬಿಳಿ ಮೈಯ ಮೇಲಿನ ಬಣ್ಣ. ಕಡುಗೆಂಪೂ ಅಲ್ಲ, ಬೆನ್ನು ಕಪ್ಪೂ ಅಲ್ಲ.

ಕೆಂಪು ಮಣ್ಣಿನ ರಾಡಿಯಲ್ಲಿ ಮೇಯ್ದು ಬಂದ ಊರಿನ ಬಕದ ಕತ್ತಿಗೂ ಒಮ್ಮೊಮ್ಮೆ ಬಣ್ಣ ಹತ್ತುತ್ತದೆ. ಮಣ್ಣಿನ ಬಣ್ಣ ಒಂದೇ ಸಮನಾಗಿರುವುದಿಲ್ಲ, ಮರುದಿನ ಇರುವುದೂ ಇಲ್ಲ.

ದಾಖಲೆ ಮಾಡುವುದು

ಹಕ್ಕಿ ಎದುರಿಗಿರುವಾಗಲೇ ನೋಟ್‌ಪುಸ್ತಕದಲ್ಲಿ ಬರೆಯುವುದು ಮೊದಲ ಕೆಲಸ. ದಿನಾಂಕ, ಹೊತ್ತು, ಕೆರೆಯ ಹೆಸರು, ಕೆರೆಯ ಯಾವ ದಿಕ್ಕಿನ ಅಂಚು, ಬೆಳಕು ಹೇಗಿತ್ತು, ಅಂದಾಜು ದೂರ, ತಲೆಯಿಂದ ಬಾಲದವರೆಗೆ ಒಂದೊಂದು ಭಾಗದ ಬಣ್ಣ, ಜೊತೆಗಿದ್ದ ಹಕ್ಕಿಗಳು, ಅದು ಏನು ಮಾಡುತ್ತಿತ್ತು ಎಂಬ ಎಲ್ಲವೂ ಇರಲಿ. ಪುಸ್ತಕ ನೋಡುವುದು ಆಮೇಲೆ. ಮೊದಲೇ ಪುಸ್ತಕದ ಚಿತ್ರ ನೋಡಿದರೆ ಕಂಡದ್ದನ್ನು ಬಿಟ್ಟು ಕಾಣಬೇಕೆಂದುಕೊಂಡದ್ದನ್ನೇ ಬರೆಯುವ ಅಪಾಯವಿದೆ.

ಚಿತ್ರ ತೆಗೆಯುವುದಾದರೆ ಮೂರು ಬಗೆಯವು ಬೇಕು: ಕತ್ತು–ಎದೆ ಕಾಣುವ ಪಕ್ಕದ ಚಿತ್ರ, ಬೆನ್ನು ಕಾಣುವ ಚಿತ್ರ, ರೆಕ್ಕೆ ಬಿಚ್ಚಿದ ಚಿತ್ರ. ಊರಿನ ಕೊಳದ ಬಕ ಅದೇ ಚೌಕಟ್ಟಿನೊಳಗೆ ಬಂದರೆ ಇನ್ನೂ ಒಳ್ಳೆಯದು. ಚಿತ್ರದ ಬಣ್ಣವನ್ನು ತಿದ್ದಬಾರದು; ಗಾಢತೆ ಸ್ವಲ್ಪ ಏರಿಸಿದರೂ ಕಂದು ಕತ್ತು ಕೆಂಪಾಗುತ್ತದೆ. ಮೂಲ ಫೈಲನ್ನು ಹಾಗೆಯೇ ಉಳಿಸಿಕೊಳ್ಳಬೇಕು.

ಇಬರ್ಡ್‌ನಂಥ ಸಾರ್ವಜನಿಕ ದಾಖಲೆ ವ್ಯವಸ್ಥೆಯಲ್ಲಿ ಸ್ಥಳಕ್ಕೆ ಅಪರೂಪವಾದ ಹಕ್ಕಿಯ ಹೆಸರು ಸೇರಿಸಿದಾಗ ವಿವರ ಕೇಳಲಾಗುತ್ತದೆ. ಆ ಪ್ರದೇಶದ ಹಕ್ಕಿಗಳನ್ನು ಬಲ್ಲ ಸ್ವಯಂಸೇವಕ ಪರಿಶೀಲಕರು ಚಿತ್ರ, ಟಿಪ್ಪಣಿ ನೋಡಿ ಒಪ್ಪುತ್ತಾರೆ ಅಥವಾ ಇನ್ನಷ್ಟು ಮಾಹಿತಿ ಕೇಳುತ್ತಾರೆ. ಹೀಗೆ ಕೇಳುವುದು ಕಂಡವರ ಮೇಲಿನ ಅನುಮಾನವಲ್ಲ, ದಾಖಲೆಯ ಕ್ರಮ. ಜಾತಿ ಖಚಿತವಾಗದಿದ್ದರೆ ‘ಕೊಳದ ಬಕ, ಜಾತಿ ತಿಳಿಯದು’ ಎಂದು ಕುಲದ ಮಟ್ಟದಲ್ಲಿ ದಾಖಲಿಸಲು ಅವಕಾಶವಿದೆ. ತಪ್ಪು ಹೆಸರಿಗಿಂತ ಈ ಬರಹ ಹೆಚ್ಚು ಬೆಲೆಯುಳ್ಳದ್ದು. ಊರಿನ ಕೊಳದ ಬಕಗಳ ಎಣಿಕೆಯನ್ನೂ ಪ್ರತಿ ಸಲ ಸೇರಿಸಬೇಕು. ನೂರು ಸಾಮಾನ್ಯ ದಾಖಲೆಗಳು ಇದ್ದಾಗಲೇ ಒಂದು ಅಪರೂಪದ ದಾಖಲೆಗೆ ಅರ್ಥ ಬರುವುದು.

ಹಕ್ಕಿಗೂ ಕೆರೆಗೂ ತೊಂದರೆಯಾಗದಂತೆ

ಎರಡೂ ಕೊಳದ ಬಕಗಳು ಜಾಗತಿಕವಾಗಿ ಅಳಿವಿನಂಚಿನ ಹಕ್ಕಿಗಳಲ್ಲ. ಹಾಗೆಂದು ಅವುಗಳನ್ನು ಹಿಡಿಯುವುದಕ್ಕೆ, ಕೊಲ್ಲುವುದಕ್ಕೆ, ಗೂಡು ಕೆಡಿಸಿ ಮೊಟ್ಟೆ ತೆಗೆಯುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವಕಾಶವಿಲ್ಲ. ದಾರಿ ತಪ್ಪಿ ಬಂದ ಹಕ್ಕಿ ದಣಿದಿರುವ ಸಂಭವ ಹೆಚ್ಚು. ಚಿತ್ರಕ್ಕಾಗಿ ಅದನ್ನು ಮತ್ತೆ ಮತ್ತೆ ಹಾರಿಸುವುದು, ಸುತ್ತುವರಿಯುವುದು, ಕಲ್ಲೆಸೆಯುವುದು ಅದರ ಮೇವಿನ ಹೊತ್ತನ್ನು ಕಸಿದಂತೆ. ಹಕ್ಕಿ ಕತ್ತು ನೀಳ ಮಾಡಿ ನೋಡತೊಡಗಿದರೆ ಅದು ಕಳವಳಗೊಂಡಿದೆ ಎಂದು ತಿಳಿದು ಅಲ್ಲೇ ನಿಲ್ಲಬೇಕು. ಗೂಡುಮರದ ಕೆಳಗೆ ಗುಂಪುಗೂಡುವುದೂ ಸರಿಯಲ್ಲ.

ಕೊಳದ ಬಕ ನಿಲ್ಲುವುದು ಕೆರೆಯ ತೆಳುನೀರಿನ ಅಂಚಿನಲ್ಲಿ. ಕೆರೆಯಂಗಳ ಒತ್ತುವರಿಯಾದಾಗ, ಅಂಚಿಗೆ ಕಲ್ಲುಗೋಡೆ ಕಟ್ಟಿದಾಗ, ಅಂತರಗಂಗೆ ನೀರನ್ನು ಪೂರ್ತಿ ಮುಚ್ಚಿದಾಗ ಮೊದಲು ಇಲ್ಲವಾಗುವುದು ಈ ಅಂಚೇ. ಹೂಳೆತ್ತುವಾಗ ಕೆರೆಯನ್ನು ಎಲ್ಲ ಕಡೆ ಒಂದೇ ಆಳಕ್ಕೆ ತೋಡದೆ, ಹಳ್ಳ ಸೇರುವ ತುದಿಯಲ್ಲಿ ಇಳಿಜಾರು ಮತ್ತು ಸ್ವಲ್ಪ ಜೇಕು–ಆಪು ಉಳಿಸಿದರೆ ಬಕ, ಗುಪ್ಪಿ, ಉಲ್ಲಂಕಿಗಳಿಗೆಲ್ಲ ಜಾಗ ಉಳಿಯುತ್ತದೆ. ಗದ್ದೆಗೆ ಹೊಡೆದ ಕೀಟನಾಶಕ ಕಪ್ಪೆ, ಮೀನು, ಏಡಿಗಳ ಮೂಲಕ ಬಕದ ಹೊಟ್ಟೆಗೂ ಹೋಗುತ್ತದೆ. ರಸ್ತೆ ಅಗಲ ಮಾಡುವಾಗ ಕಡಿಯುವ ಒಂದು ಹಳೆಯ ಆಲ ಅಥವಾ ಹುಣಸೆ ಮರ ಹಲವು ಕೆರೆಗಳ ಬಕಗಳಿಗೆ ರಾತ್ರಿಯ ಮನೆಯಾಗಿರಬಹುದು. ಊರಿನ ಕೊಳದ ಬಕಕ್ಕೆ ಈ ಅಂಚು ಮತ್ತು ಈ ಮರ ಉಳಿದಿದ್ದರೆ, ದಾರಿ ತಪ್ಪಿ ಬಂದ ಚೀನೀ ಕೊಳದ ಬಕಕ್ಕೂ ಇಳಿಯಲು ಅಲ್ಲೇ ಜಾಗ ಸಿಗುತ್ತದೆ.